ವಾರದ ಮೂಳೆ ಮಾತ್ರೆ, ರಾಗಿ ಮುದ್ದೆ, ಬೋರ್‌ವೆಲ್ ನೀರು

ಬಾಗೇಪಲ್ಲಿ_ಕಡೆ:
ಅಮ್ಮನಿಗೆ 58, ಮುಟ್ಟು ನಿಂತು ಎಂಟು ವರ್ಷ. ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ -2.7, ಅಂದರೆ ಮೂಳೆ ಟೊಳ್ಳಾಗಿದೆ. ಮೂಳೆಗೆ ಅಲೆಂಡ್ರೊನೇಟ್ 70 ಮಿ.ಗ್ರಾಂ ವಾರಕ್ಕೊಂದು, ಕ್ಯಾಲ್ಸಿಯಂ 500 ಮಿ.ಗ್ರಾಂ ದಿನಕ್ಕೆರಡು ಬರೆದಿದ್ದಾರೆ. ಥೈರಾಯ್ಡ್ ಮಾತ್ರೆ ಮೊದಲಿಂದಲೂ ಇದೆ. ಯಾವುದು ಯಾವಾಗ? ದಿನಾ ಎರಡು ಮುದ್ದೆ ಉಣ್ಣೋರಿಗೆ ಕ್ಯಾಲ್ಸಿಯಂ ಮಾತ್ರೆ ಬೇಕಾ?

ಮಾತ್ರೆಡಬ್ಬಿ:
ಅಲೆಂಡ್ರೊನೇಟ್ ದಿನ ಅದೇ ಮೊದಲು: ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ದೊಡ್ಡ ಲೋಟದ ತುಂಬ ನೀರಿನ ಜೊತೆ. ನೀರು ಆರ್‌ಒದ್ದೇ ಇರಲಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರೆಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡಲ್ಲ. ಕಾಫಿ, ಹಾಲೂ ಅಷ್ಟೇ. ಅರ್ಧ ಗಂಟೆ ಕೂತಿರಲಿ ಇಲ್ಲ ಓಡಾಡಲಿ. ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ನಿಂತು ಹುಣ್ಣಾಗುತ್ತೆ. ಆಮೇಲೆ ಥೈರಾಯ್ಡ್ ಮಾತ್ರೆ, ಇನ್ನೊಂದು ಅರ್ಧ ಗಂಟೆ ಬಿಟ್ಟು ತಿಂಡಿ. ಕ್ಯಾಲ್ಸಿಯಂಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು, ಹಾಗಾಗಿ ಮಧ್ಯಾಹ್ನ, ರಾತ್ರಿ ಊಟದ ಜೊತೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಆದರೆ ಊಟದ ಜೊತೆಗೇ. ಕರಗೋಕೆ ಜಠರದ ಆಮ್ಲ ಬೇಕು.

ಹುರುಳಿಕಟ್ಟು:
ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಅಂದ್ಕೊಳ್ಳಿ, ಅದರಲ್ಲಿ ಕ್ಯಾಲ್ಸಿಯಂ ಸುಮಾರು 540 ಮಿ.ಗ್ರಾಂ. ಒಂದು ಲೋಟ ಹಾಲು 240. ಮುಟ್ಟು ನಿಂತವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೋದು ದಿನಕ್ಕೆ 1,200. ರಾಗಿಯಲ್ಲಿರೋ ಫೈಟೇಟ್ ಅನ್ನೋ ಅಂಶ ಒಂದಷ್ಟು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ, ಮೊಳಕೆ ಕಟ್ಟಿದರೆ ಅದು ಇಳಿಯುತ್ತೆ. ನುಗ್ಗೆಸೊಪ್ಪು, ಹುರುಳಿಕಾಳು ಸಾರಿದ್ದ ದಿನ ಕೊರತೆ ಇನ್ನೂ ಕಡಿಮೆ. ಒಂದೇ ಮಾತ್ರೆ ಸಾಕಾಗುತ್ತಾ ಅಂತ ಈ ಲೆಕ್ಕ ತೋರಿಸಿ ಡಾಕ್ಟರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ: ಕ್ಯಾಲ್ಸಿಯಂ, ಡಿ ವಿಟಮಿನ್ ಕಡಿಮೆಯಿದ್ದಾಗ ಅಲೆಂಡ್ರೊನೇಟ್ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಅಂದಹಾಗೆ, 60,000 ಯೂನಿಟ್ಟಿನ ಡಿ ಪುಡಿ ಕೊಟ್ಟಿದ್ದರೆ ಅದು ವಾರಕ್ಕೊಂದು. ದಿನಾ ಕುಡಿದು ವಾಂತಿ, ಸುಸ್ತು ಅಂತ ಬರೋರಿದ್ದಾರೆ.

ಕೊಳವೆಬಾವಿ:
ಬಾಗೇಪಲ್ಲಿ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಇರೋದರಿಂದ ಮೊದಲು ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರೋ ಕಾಯಿಲೆ) ಇದ್ದರೆ ಬೆನ್ನುಮೂಳೆ ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರುತ್ತೆ, ಟಿ-ಸ್ಕೋರ್ ಇರೋದಕ್ಕಿಂತ ಚೆನ್ನಾಗಿ ಬರುತ್ತೆ. ಎಷ್ಟೋ ಮನೆಯೋರು ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರೆ, ಮುದ್ದೆ ಎಸರಿಗೆ ಮಾತ್ರ ಬೋರ್ ನೀರು. ಅನ್ನದ ಗಂಜಿ ಬಸಿದ ಹಾಗೆ ಮುದ್ದೆಯಲ್ಲಿ ಬಸಿಯೋದೇ ಇಲ್ಲ, ಎಸರೆಲ್ಲ ಹಿಟ್ಟಿನೊಳಗೇ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತೆ.

ಬಾಗೇಪಲ್ಲಿ_ಕಡೆ:
ಎಸರಿಗೆ ಬೋರ್ ನೀರೇ ಹಾಕ್ತಿದ್ದೀವಿ. ಮಾತ್ರೆ ಇನ್ನೂ ಶುರು ಮಾಡಿಲ್ಲ.

ಮಾತ್ರೆಡಬ್ಬಿ:
ಹಾಗಾದರೆ ಹಲ್ಲು ಕೀಳಿಸೋದೇನಾದರೂ ಇದ್ದರೆ ಈಗಲೇ ಮುಗಿಸಿ, ಗಾಯ ಮಾಗಿದ ಮೇಲೆ ಶುರು ಮಾಡಿ. ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದ ಕ್ರಿಯಾಟಿನಿನ್ ಕೂಡ ನೋಡಿಸಿ. ಕಿಡ್ನಿ ಸೋತಿದ್ದರೆ ಈ ಮಾತ್ರೆ ಕೊಡಲ್ಲ.