ನೀಲಿಕಲ್ಲು ಕಡಿಮೆ ಖರ್ಚಿನಲ್ಲಿ: ಹೋಟೆಲಲ್ಲಿ ತಿನ್ನೋದಾ, ಮನೇಲಿ ಮಾಡೋದಾ?

ಹಬೆಪಾತ್ರೆ (ಪ್ರಶ್ನೆ)

ಚಿಪ್ಪಿನ ಜಾತಿಯಲ್ಲಿ ನೀಲಿಕಲ್ಲು, ಅಂದರೆ ಮಸಲ್ಸ್, ಅಗ್ಗದ್ದು ಅಂತ ಎಲ್ಲರೂ ಹೇಳ್ತಾರೆ. ಕಿಲೋ ಲೆಕ್ಕದಲ್ಲಿ ನೋಡಿದರೆ ಸಿಗಡಿ, ಏಡಿಗಿಂತ ಕಡಿಮೆ ಇರೋದೂ ನಿಜ. ಆದರೆ ಹೋಟೆಲಲ್ಲಿ ಬಟ್ಟಲು ತುಂಬ ಬಂದದ್ದರ ಚಿಪ್ಪು ತೆಗೆದಿಟ್ಟರೆ ಉಳಿಯೋದು ಒಂದು ಹಿಡಿ ಮಾಂಸ. ಅಂಗಡಿಯಲ್ಲಿ ಜೀವಂತ ಇರೋದು, ಫ್ರೋಜನ್ ಮಾಂಸ, ಅರ್ಧ ಚಿಪ್ಪಿನದು, ಡಬ್ಬಿಯದು ಅಂತ ನಾಲ್ಕು ಥರ ಸಿಗುತ್ತೆ. ಬೆಲೆಗಳು ಒಂದಕ್ಕೊಂದು ತಾಳೆಯಾಗೋದೇ ಇಲ್ಲ.

ಗೊತ್ತಿದ್ದವರು ಹೇಳಿ:

– ಇವುಗಳಲ್ಲಿ ನಿಜವಾಗಿ ಅಗ್ಗ ಯಾವುದು, ಹೋಲಿಸೋದು ಹೇಗೆ?
– ನಾಲ್ಕು ಜನರ ಊಟಕ್ಕೆ ಎಷ್ಟು ಕೊಳ್ಳಬೇಕು? ರಬ್ಬರಿನ ಹಾಗೆ ಆಗದಂತೆ ಬೇಯಿಸೋದು ಹೇಗೆ?
– ಹೋಟೆಲಲ್ಲಿ ಆರ್ಡರ್ ಮಾಡೋ ಮೊದಲು ಏನು ಕೇಳಬೇಕು?

ತಕ್ಕಡಿ

ಕಿಲೋ ಬೆಲೆ ಬಿಡಿ, ತಿನ್ನೋಕೆ ಸಿಗೋ ಮಾಂಸದ ಬೆಲೆ ಹಿಡಿಯಿರಿ. ಗೊಂದಲ ಅಲ್ಲೇ ಮುಗಿಯುತ್ತೆ.

ಒಳ್ಳೆ ಕಾಲದಲ್ಲಿ ಒಂದು ಕಿಲೋ ಜೀವಂತ ನೀಲಿಕಲ್ಲಿನಿಂದ ಬೆಂದ ಮಾಂಸ ಸುಮಾರು 250 ಗ್ರಾಂ ಬರುತ್ತೆ. ಉಳಿದದ್ದು ಚಿಪ್ಪು ಮತ್ತು ಒಳಗಿನ ನೀರು. ಒಡೆದದ್ದು, ಸತ್ತದ್ದು ಅಂತ ನೂರಕ್ಕೆ ಐದು ಭಾಗ ತೆಗೆದುಬಿಡಿ. ಕಿಲೋಗೆ ಸುಮಾರು 240 ಗ್ರಾಂ ಅಂತಿಟ್ಟುಕೊಳ್ಳಿ.

ಫ್ರೋಜನ್ ಮಾಂಸದಲ್ಲಿ ಚಿಪ್ಪಿಲ್ಲ, ಆದರೆ ಮಂಜಿನ ಲೇಪ ಇರುತ್ತೆ. ಒಣಗದಿರಲಿ ಅಂತ ನೀರಲ್ಲಿ ಅದ್ದಿ ಹೆಪ್ಪುಗಟ್ಟಿಸಿರ್ತಾರೆ, ತಪ್ಪೇನಲ್ಲ. ಆದರೆ ಕೆಲವು ಪೊಟ್ಟಣದಲ್ಲಿ ತೂಕದ ಐದನೇ ಒಂದು ಭಾಗ ಬರೀ ಐಸ್. ಹಾಗಿದ್ದರೆ ಒಂದು ಕಿಲೋದಲ್ಲಿ ಮಾಂಸ 800 ಗ್ರಾಂ. ಬಿಸಿ ಮಾಡುವಾಗ ಇನ್ನೂ ಹತ್ತನೇ ಒಂದು ಭಾಗ ನೀರಾಗಿ ಹೋದರೆ ತಟ್ಟೆಗೆ ಬರೋದು 720 ಗ್ರಾಂ. ಅಂದರೆ ಜೀವಂತದ್ದರ ಮೂರು ಪಟ್ಟು. ಫ್ರೋಜನ್ ಮಾಂಸದ ಕಿಲೋ ಬೆಲೆ ಜೀವಂತದ್ದರ ಮೂರು ಪಟ್ಟಿಗಿಂತ ಕಡಿಮೆ ಇದ್ದರೆ ಫ್ರೋಜನ್ ಅಗ್ಗ, ಹೆಚ್ಚಿದ್ದರೆ ಜೀವಂತದ್ದು ಅಗ್ಗ. ಪೊಟ್ಟಣದ ಮೇಲೆ ಐಸ್ ಬಿಟ್ಟ ನಿವ್ವಳ ತೂಕವನ್ನೇ ಹಾಕಿದ್ದರೆ ಈ ಗಡಿ ಹೆಚ್ಚುಕಡಿಮೆ ನಾಲ್ಕು ಪಟ್ಟಿಗೆ ಏರುತ್ತೆ.

ಐಸ್ ಎಷ್ಟಿದೆ ಅಂತ ಅನುಮಾನ ಬಂದರೆ 200 ಗ್ರಾಂ ತೂಗಿ, ಜಾಲರಿಯಲ್ಲಿ ಹಾಕಿ ತಣ್ಣೀರಲ್ಲಿ ಅದ್ದಿ. ಮೇಲಿನ ಐಸ್ ಕರಗಿದ ಕೂಡಲೇ, ಒಳಗೆ ಇನ್ನೂ ಗಟ್ಟಿ ಇರುವಾಗಲೇ, ಬಟ್ಟೆಯಲ್ಲಿ ಒತ್ತಿ ಮತ್ತೆ ತೂಗಿ.

ಅರ್ಧ ಚಿಪ್ಪಿನದು ನೋಡೋಕೆ ಚೆಂದ, ಬೇಕ್ ಮಾಡೋಕೆ ಅನುಕೂಲ. ಖರ್ಚಿನ ದೃಷ್ಟಿಯಿಂದ ನನಗೆ ಇಷ್ಟವಾಗಲ್ಲ, ಯಾಕೆಂದರೆ ಉಳಿದ ಒಂದು ಚಿಪ್ಪಿಗೂ ಮಾಂಸದ ದರವನ್ನೇ ಕೊಡ್ತೀರಿ. ರಸದ ಜೊತೆ ಬೇಯಿಸಿ ನಿರ್ವಾತ ಪೊಟ್ಟಣದಲ್ಲಿ ಬರೋ ಇಡೀ ಚಿಪ್ಪಿನದರಲ್ಲಿ ಸತ್ತದ್ದನ್ನು ಆರಿಸೋ ಕೆಲಸ ಇಲ್ಲ, ಆದರೆ ರಸವೂ ತೂಕದಲ್ಲಿ ಸೇರಿರುತ್ತೆ. ಡಬ್ಬಿಯದಕ್ಕೆ ಎಣ್ಣೆ ಅಥವಾ ಉಪ್ಪುನೀರು ಬಸಿದ ಮೇಲಿನ ತೂಕ ನೋಡಿ ಭಾಗಿಸಿ.

ಉಪ್ಪುನೀರು

ತಕ್ಕಡಿಯವರ ಲೆಕ್ಕಕ್ಕೆ ಒಂದು ಸೇರಿಸಲೇಬೇಕು: ಕಾಲ. ನೀಲಿಕಲ್ಲು ಮೊಟ್ಟೆ ಬಿಟ್ಟಾದ ಮೇಲೆ ಒಳಗಿನ ಮಾಂಸ ತೆಳ್ಳಗಾಗಿ, ನೀರುನೀರಾಗಿಬಿಡುತ್ತೆ. ಆಗ ಕಿಲೋಗೆ 150 ಗ್ರಾಂ ಬಂದರೂ ಆಶ್ಚರ್ಯವಿಲ್ಲ. ಜೀವಂತದ್ದು ಅಗ್ಗವಾಗಿ ಕಂಡರೂ ಆ ವಾರಗಳಲ್ಲಿ ಅದು ದುಬಾರಿ. ಫ್ರೋಜನ್ ಐದು ಪಟ್ಟು ಬೆಲೆಯಿದ್ದರೂ ಲೆಕ್ಕ ಸಮ ಆಗುತ್ತೆ. ಈ ಕಾಲ ಜಾತಿಯಿಂದ ಜಾತಿಗೆ, ನೀರಿನ ಬಿಸಿಯಿಂದ ಬಿಸಿಗೆ ಬದಲಾಗೋದರಿಂದ ಮಾರುವವರನ್ನೇ "ಈಗ ಒಳಗೆ ತುಂಬಿದೆಯಾ?" ಅಂತ ಕೇಳಿ. ಸಾಧ್ಯವಾದರೆ ಮೊದಲ ಸಲ ಅರ್ಧ ಕಿಲೋ ಮಾತ್ರ ತಗೊಳ್ಳಿ.

ಹಗ್ಗದಲ್ಲಿ ತೂಗುಬಿಟ್ಟು ಸಾಕಿದ್ದು ನೆಲ ಮುಟ್ಟದೆ ಬೆಳೆಯೋದರಿಂದ ಮರಳು ಕಡಿಮೆ, ಚಿಪ್ಪು ತೆಳು. ತಳದಿಂದ ಬಾಚಿ ತಂದದ್ದರಲ್ಲಿ ಮರಳು ಹೆಚ್ಚು. ಬಂಡೆಯಿಂದ ಕಿತ್ತದ್ದರ ಚಿಪ್ಪು ಸಾಮಾನ್ಯವಾಗಿ ದಪ್ಪ. ಒಂದೇ ಬೆಲೆಗೆ ಸಿಕ್ಕರೆ ತೆಳು ಚಿಪ್ಪಿನದನ್ನೇ ಆರಿಸಿ. ದೊಡ್ಡದಾಗಿದ್ದರೆ ಮಾಂಸ ಹೆಚ್ಚು ಅಂತೇನಿಲ್ಲ.

ಜೀವ ಇದೆಯಾ ಅಂತ ನೋಡೋದು ಸುಲಭ. ಬಾಯಿ ತೆರೆದದ್ದನ್ನು ಇನ್ನೊಂದಕ್ಕೆ ತಟ್ಟಿ, ಒಂದೆರಡು ನಿಮಿಷ ಬಿಡಿ. ಮುಚ್ಚಿಕೊಂಡರೆ ಜೀವ ಇದೆ, ಮುಚ್ಚದಿದ್ದರೆ ಎಸೆಯಿರಿ. ಒಡೆದದ್ದೂ ಹೋಗಲಿ. ಅದೇ ಗಾತ್ರದ ಬೇರೆಯವಕ್ಕಿಂತ ಬಹಳ ಭಾರ ಅನ್ನಿಸಿದರೆ ಒಳಗೆ ಬರೀ ಕೆಸರಿರಬಹುದು, ಬೇರೆ ಬಟ್ಟಲಲ್ಲಿ ಬಿಡಿಸಿ ನೋಡಿ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಇಡೀ ಚೀಲ ವಾಪಸ್ ಕೊಡೋದೇ ಸರಿ. ಉಳಿದವೂ ಕೊನೆಯ ಹಂತದಲ್ಲಿವೆ ಅಂತಲೇ ಅದರರ್ಥ.

ದುಡ್ಡು ಹಾಳಾಗೋ ಇನ್ನೊಂದು ಜಾಗ ಫ್ರಿಜ್. ಸಿಹಿನೀರಲ್ಲಿ ನೆನೆಹಾಕಿದರೆ ಸಾಯುತ್ತೆ, ಬಿಗಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಉಸಿರುಗಟ್ಟಿ ಸಾಯುತ್ತೆ. ಅಗಲ ಬಟ್ಟಲಲ್ಲಿ ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, 0ರಿಂದ 4 ಡಿಗ್ರಿಯಲ್ಲಿಡಿ. ತಳದಲ್ಲಿ ನಿಂತ ನೀರನ್ನು ದಿನಾ ಚೆಲ್ಲಿ. ಎರಡು ದಿನದೊಳಗೆ ಬೇಯಿಸಿಬಿಡಿ. ಜೀವಂತದ್ದನ್ನು ಹಾಗೇ ಫ್ರೀಜರಿಗೆ ಹಾಕಬೇಡಿ. ಬೇಯಿಸಿ, ಬಿಡಿಸಿ, ಅದರದ್ದೇ ರಸದಲ್ಲಿ ಮುಳುಗಿಸಿ ಹೆಪ್ಪುಗಟ್ಟಿಸಿದರೆ ಎರಡು ಮೂರು ತಿಂಗಳು ರುಚಿ ಉಳಿಯುತ್ತೆ. ಬೆಲೆ ಇಳಿದಾಗ ಹೆಚ್ಚು ಕೊಂಡಿಡಲು ಇದೇ ದಾರಿ.

ಪುಕ್ಕಟೆ ಸಿಗುತ್ತೆ ಅಂತ ಬಂಡೆಯಿಂದ ಕೀಳುವ ವಿಚಾರ ಇದ್ದರೆ ದಯವಿಟ್ಟು ಇದನ್ನು ಓದಿ. ನೀಲಿಕಲ್ಲು ನೀರು ಸೋಸಿ ಬದುಕೋ ಜೀವಿ. ನೀರಲ್ಲಿ ವಿಷದ ಪಾಚಿ ಹೆಚ್ಚಾದರೆ ಸ್ಯಾಕ್ಸಿಟಾಕ್ಸಿನ್‌ನಂಥ ವಿಷ ಅದರ ಮೈಯಲ್ಲಿ ಸೇರುತ್ತೆ. ಅದು ಎಷ್ಟು ಬೇಯಿಸಿದರೂ ಹೋಗಲ್ಲ, ಫ್ರೀಜ್ ಮಾಡಿದರೂ ಹೋಗಲ್ಲ. ನೀರು ಕೆಂಪಾಗದಿದ್ದರೂ, ಚಿಪ್ಪು ಜೀವಂತವಿದ್ದು ವಾಸನೆ ಚೆನ್ನಾಗಿದ್ದರೂ ವಿಷ ಇರಬಹುದು. ನೀರು ಪರೀಕ್ಷಿಸಿ ಹಿಡಿಯಲು ಅನುಮತಿ ಕೊಟ್ಟ ಜಾಗ ಅಂತ ಖಚಿತವಾಗದೆ ಕೀಳಬೇಡಿ. ಬಂದರು, ಚರಂಡಿ ಸೇರುವ ಜಾಗ ಅಂತೂ ಬೇಡವೇ ಬೇಡ. ತಿಂದಮೇಲೆ ತುಟಿ, ನಾಲಿಗೆ, ಬೆರಳು ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಕೊಳ್ಳುವಾಗಲೂ ಚೀಲದ ಚೀಟಿಯಲ್ಲಿ ಹಿಡಿದ ಜಾಗ, ದಿನಾಂಕ ಇದೆಯಾ ನೋಡಿ. ಚೀಟಿಯಿಲ್ಲದ ಅಗ್ಗದ ಮಾಲು ನನ್ನ ಪ್ರಕಾರ ಅಗ್ಗವೇ ಅಲ್ಲ.

ಒಲೆಮುಂದೆ

ಬೇಯಿಸೋ ಭಾಗ ನಾನು ಹೇಳ್ತೀನಿ.

ಅದೇ ಮುಖ್ಯ ಊಟ ಅಂದರೆ ತಲೆಗೆ ಅರ್ಧ ಕಿಲೋ, ನಾಲ್ವರಿಗೆ ಎರಡು ಕಿಲೋ. ಅನ್ನ ಅಥವಾ ಪಾಸ್ತಾ ಜೊತೆ ಆದರೆ ನಾಲ್ವರಿಗೆ ಒಂದೇ ಕಿಲೋ ಸಾಕು, ಯಾಕೆಂದರೆ ರುಚಿಯ ಬಹುಪಾಲು ರಸದಲ್ಲಿರುತ್ತೆ, ಆ ರಸವನ್ನು ಅನ್ನವೋ ಪಾಸ್ತಾವೋ ಹೀರಿಕೊಳ್ಳುತ್ತೆ.

ಹರಿಯೋ ತಣ್ಣೀರಲ್ಲಿ ಉಜ್ಜಿ ತೊಳೀರಿ. ಪಕ್ಕದಲ್ಲಿ ಕಾಣೋ ನಾರನ್ನು ಬೇಯಿಸೋ ಸ್ವಲ್ಪ ಮೊದಲು ಮಾತ್ರ ಕೀಳಬೇಕು, ಹಿಂದಿನ ದಿನವೇ ಕಿತ್ತರೆ ಒಳಗಿನ ಅಂಗಾಂಶ ಹರಿದು ಬೇಗ ಸಾಯುತ್ತೆ. ಒಣ ಬಟ್ಟೆಯಲ್ಲಿ ಹಿಡಿದು ಚಿಪ್ಪಿನ ಕೀಲಿನ ಕಡೆಗೆ ಎಳೆದರೆ ಸಲೀಸಾಗಿ ಬರುತ್ತೆ.

ಒಂದು ಕಿಲೋಗೆ: ಎರಡು ಚಮಚ ಎಣ್ಣೆ ಅಥವಾ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಮೂರ್ನಾಲ್ಕು ಎಸಳು, ನೀರು 100 ಮಿಲಿ. ಉಪ್ಪು ಬೇಡ. ಅಗಲ ಪಾತ್ರೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ನೀರು ಹಾಕಿ ಮರಳಿಸಿ, ಆಮೇಲೆ ನೀಲಿಕಲ್ಲು ಸುರಿದು ಬಿಗಿಯಾಗಿ ಮುಚ್ಚಿ. ಉರಿ ಪೂರ್ತಿ ಜೋರು. ಎರಡು ನಿಮಿಷಕ್ಕೊಮ್ಮೆ ಮುಚ್ಚಳ ಹಿಡಿದೇ ಪಾತ್ರೆ ಕುಲುಕಿ. ಮೂರನೇ ನಿಮಿಷದಿಂದ ಬಾಯಿ ಬಿಡೋಕೆ ಶುರು, ಆರರ ಹೊತ್ತಿಗೆ ಹೆಚ್ಚಿನವು ಬಿಟ್ಟಿರುತ್ತೆ. ಬಾಯಿ ಬಿಟ್ಟು, ಮಾಂಸ ಪಾರದರ್ಶಕ ಬಣ್ಣ ಬಿಟ್ಟು ಗಟ್ಟಿಯಾದವನ್ನು ಮೊದಲು ತೆಗೆದಿಡಿ, ಉಳಿದವಕ್ಕೆ ಇನ್ನೊಂದೆರಡು ನಿಮಿಷ ಕೊಡಿ. ಗರ್ಭಿಣಿಯರು, ಮುದುಕರು, ಕಾಯಿಲೆಯಿಂದ ಮೈ ಸೋತವರು ತಿನ್ನೋದಾದರೆ ಮೃದುತ್ವದ ಆಸೆ ಬಿಟ್ಟು, ಬಾಯಿ ಬಿಟ್ಟ ಮೇಲೆಯೂ ಇನ್ನು ನಾಲ್ಕರಿಂದ ಒಂಬತ್ತು ನಿಮಿಷ ಹಬೆಯಲ್ಲಿ ಬೇಯಿಸಿ.

ಎಲ್ಲರೂ ಕೆಡಿಸೋದು ಪಾತ್ರೆ ತುಂಬಿಸಿ. ಕಂಠಮಟ್ಟ ಹಾಕಿದರೆ ಕೆಳಗಿನವು ಹಬೆಗೆ ಸಿಕ್ಕಿ ಮುದುಡಿಹೋಗುತ್ತೆ, ಮೇಲಿನವು ಇನ್ನೂ ಹಸಿಯಾಗೇ ಇರುತ್ತೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಎರಡು ಕಿಲೋ ಇದ್ದರೆ ಎರಡು ಸಲ ಮಾಡಿ. ಸಣ್ಣ ಉರಿಯೂ ಕೆಡುಕೇ: ಬಾಯಿ ಬಿಡೋಕೆ ಹೊತ್ತಾಗಿ, ಅಷ್ಟರಲ್ಲಿ ಮಾಂಸ ರಬ್ಬರಾಗುತ್ತೆ. ರಬ್ಬರಾದದ್ದು ಕುಗ್ಗಿಯೂ ಇರುತ್ತೆ. ಅಂದರೆ ತಕ್ಕಡಿಯವರು ಹೇಳಿದ 240 ಗ್ರಾಂ ನಿಮ್ಮ ಒಲೆ ಮೇಲೇ ಕರಗಿಹೋಗುತ್ತೆ.

ರಸವನ್ನು ಚೆಲ್ಲಬೇಡಿ. ಎರಡು ನಿಮಿಷ ತಿಳಿಯಾಗೋಕೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ, ಕೊನೆಯ ಒಂದೆರಡು ಚಮಚ ಮರಳಿನ ಜೊತೆ ಪಾತ್ರೆಯಲ್ಲೇ ಬಿಡಿ. ಅದು ಸಮುದ್ರದ ಉಪ್ಪೇ ಆದ್ದರಿಂದ ರುಚಿ ನೋಡಿದ ಮೇಲೆಯೇ ಉಪ್ಪಿನ ಮಾತು. ರಸ ಬತ್ತಿಸುವಾಗ ಇನ್ನೂ ಎಚ್ಚರ.

ಫ್ರೋಜನ್ ಮಾಂಸ ಬೇಯಿಸಿಟ್ಟದ್ದಾದರೆ ರಾತ್ರಿ ಫ್ರಿಜ್‌ನಲ್ಲಿ ಜಾಲರಿ ಮೇಲಿಟ್ಟು ಕರಗಿಸಿ, ಇಳಿದ ನೀರನ್ನು ಸಾರಿಗೆ ಬಳಸಿ. ಮಾಂಸವನ್ನು ಕೊನೆಯ ಒಂದೆರಡು ನಿಮಿಷಕ್ಕೆ ಹಾಕಿ, ಹಬೆಯಾಡುವಷ್ಟು ಬಿಸಿಯಾದರೆ ಸಾಕು. ಪೊಟ್ಟಣದ ಮೇಲೆ ಹಸಿ ಅಂತ ಬರೆದಿದ್ದರೆ ಮಾತ್ರ ಪೂರ್ತಿ ಬೇಯಿಸಬೇಕು.

ಹಬೆಪಾತ್ರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಂದ ಮೇಲೂ ಬಾಯಿ ಬಿಡದಿದ್ದರೆ ಎಸೀಬೇಕಾ? ಕೆಲವು ಕಿತ್ತಳೆ, ಕೆಲವು ಬಿಳಿ ಇರುತ್ತಲ್ಲ, ಅದು ಕೆಟ್ಟಿರೋದರ ಗುರುತಾ? ಹೋಟೆಲ್ ವಿಷಯವೂ ಹೇಳಿ.

ಉಪ್ಪುನೀರು

ಬಣ್ಣ ಗಂಡು ಹೆಣ್ಣಿನದು: ಕಿತ್ತಳೆ ಸಾಮಾನ್ಯವಾಗಿ ಹೆಣ್ಣು, ಕೆನೆಬಿಳಿ ಗಂಡು. ಎರಡೂ ಚೆನ್ನಾಗಿರುತ್ತೆ. ಒಳಗೆ ಬಟಾಣಿ ಗಾತ್ರದ ಏಡಿ ಸಿಕ್ಕರೂ ಹೆದರಬೇಡಿ, ಅದು ಅಲ್ಲೇ ವಾಸ ಮಾಡೋದು.

ಬಾಯಿ ಬಿಡದಿರೋದು ಕೆಟ್ಟಿದೆ ಅನ್ನೋದಕ್ಕೆ ಸಾಕ್ಷಿಯಲ್ಲ. ಚಿಪ್ಪನ್ನು ಮುಚ್ಚಿ ಹಿಡಿದಿರೋ ಸ್ನಾಯು ಕೆಲವುದರಲ್ಲಿ ಬೆಂದರೂ ಬಿಡಲ್ಲ. ಹಾಗೇ ಸತ್ತದ್ದೂ ಬೆಂದಾಗ ಬಾಯಿ ಬಿಡುತ್ತೆ. ಆದ್ದರಿಂದ ಬೇಯಿಸೋ ಮೊದಲು ತಟ್ಟಿ ನೋಡೋದೇ ನಿಜವಾದ ಪರೀಕ್ಷೆ. ಮುಚ್ಚಿದವಕ್ಕೆ ಇನ್ನೆರಡು ನಿಮಿಷ ಕೊಡಿ. ಆಗಲೂ ತೆರೆಯದ ಒಂದೆರಡನ್ನು ಬಿಟ್ಟರೆ ನಷ್ಟ ಅಲ್ಪ, ಮನಸ್ಸಿಗೆ ನೆಮ್ಮದಿ.

ತಕ್ಕಡಿ

ಹೋಟೆಲಲ್ಲಿ ಮೊದಲ ಪ್ರಶ್ನೆ: "ಒಂದು ಪ್ಲೇಟಿಗೆ ಬೇಯಿಸೋ ಮೊದಲು ಎಷ್ಟು ಗ್ರಾಂ ಹಾಕ್ತೀರಿ?" ಅರ್ಧ ಕಿಲೋ ಅಂದರೆ ನಿಮಗೆ ಸಿಗೋ ಮಾಂಸ 120 ಗ್ರಾಂ ಆಸುಪಾಸು. ಎರಡನೆಯದು ಜೀವಂತದ್ದಾ, ಫ್ರೋಜನ್ನಾ. ಜೀವಂತದ್ದಾದರೆ ಮಾಲು ಬರೋದು ಯಾವ ದಿನ. ಬಂದ ದಿನ ಅಥವಾ ಮರುದಿನ ಹೋಗಿ. ಉತ್ತರ ಕೊಡೋಕೆ ತಡವರಿಸಿದರೆ ಬೇರೇನಾದರೂ ತಿನ್ನಿ.

ಇಡೀ ಪಾತ್ರೆ ಆರ್ಡರ್ ಮಾಡಿ ಇಬ್ಬರು ಹಂಚಿಕೊಂಡು, ರಸಕ್ಕೆ ಬ್ರೆಡ್ ತಗೊಂಡರೆ ಸಾಮಾನ್ಯವಾಗಿ ಎರಡು ಸಣ್ಣ ಪ್ಲೇಟಿಗಿಂತ ಕಡಿಮೆ ಖರ್ಚು ಬೀಳುತ್ತೆ. ಕೆಟ್ಟ ವ್ಯಾಪಾರ ಅಂದರೆ ಮೇಲೆ ಆರೆಂಟು ಚಿಪ್ಪು ಅಲಂಕಾರಕ್ಕಿಟ್ಟ ಪಾಸ್ತಾ, ಮತ್ತು ಮಿಶ್ರ ಸಮುದ್ರಾಹಾರದ ದೊಡ್ಡ ತಟ್ಟೆ: ಅದರಲ್ಲಿ ಜಾಗ ತುಂಬೋಕೆ ನೀಲಿಕಲ್ಲು, ಬೆಲೆ ಮಾತ್ರ ಸಿಗಡಿಯದು. ಕೆನೆ, ಕೇಸರಿ ಹಾಕಿದ ಸಾಸಿಗೆ ಹೆಚ್ಚು ಕೊಡೋದಕ್ಕಿಂತ ಬೆಳ್ಳುಳ್ಳಿಯ ಸರಳ ರಸವೇ ಮೇಲು. ಮಾಲು ಹಳತಾದರೆ ಅದರಲ್ಲಿ ಬಚ್ಚಿಡೋಕೂ ಆಗಲ್ಲ.

ತಟ್ಟೆ ಬಂದಾಗ ಮುಚ್ಚಳ ತೆಗೆದ ಕೂಡಲೇ ಮೂಸಿ. ಸಮುದ್ರದ ವಾಸನೆ ಇರಲಿ, ಅಮೋನಿಯಾದ ಘಾಟು ಬಂದರೆ ಒಂದನ್ನೂ ಬಾಯಿಗಿಡದೆ ವಾಪಸ್ ಕಳಿಸಿ. ಮಾಂಸ ಚಿಪ್ಪಿನ ಮೂಲೆಗೆ ಒಣಗಿ ಅಂಟಿದ್ದರೆ ಹೆಚ್ಚು ಬೆಂದಿದೆ ಅಥವಾ ಎರಡನೇ ಸಲ ಬಿಸಿ ಮಾಡಿದ್ದು. ಅದನ್ನೂ ಹೇಳಿ, ದುಡ್ಡು ಕೊಡೋದು ನೀವು.