ಫ್ಲಶ್ ಟ್ಯಾಂಕ್ ತುಂಬೂದು ನಿಂದ್ರವಲ್ದು, ಸಿಂಟೆಕ್ಸ್ ಖಾಲಿ ಆಗಾಕತ್ತೈತಿ. ಏನ್ ಮಾಡೂದ್ರಿ?

ಮಗ್ಗದಮನಿ, ಬೆಟಗೇರಿ:

ನಮಸ್ಕಾರ್ರಿ. ನಮ್ಮ ಮ್ಯಾಲಿನ ಮನಿ ಸಂಡಾಸದಾಗ ಕಮೋಡಿನ ಹಿಂದ ಗ್ವಾಡಿಗೆ ಕೂಡಿಸಿದ್ದು ಪ್ಲಾಸ್ಟಿಕ್ ಫ್ಲಶ್ ಟ್ಯಾಂಕ್, ಎರಡು ಬಟನ್ನಿಂದು. ಫ್ಲಶ್ ಮಾಡಿದ ಮ್ಯಾಲೆ ತುಂಬತೈತಿ, ಆದ್ರ ತುಂಬೂದು ನಿಂದ್ರವಲ್ದು. ರಾತ್ರಿಯೆಲ್ಲಾ ಸುಯ್ ಅಂತ ಸಪ್ಪಳ. ತುಂಗಭದ್ರಾ ನೀರು ನಮಗ ದಿನಾ ಬರಂಗಿಲ್ಲ ಅನ್ನೂದು ಗದಗ-ಬೆಟಗೇರಿ ಮಂದಿಗೆ ಹೇಳಬೇಕಾಗಿಲ್ಲ. ಬಂದಾಗ ಸಂಪ್ ತುಂಬಿಸಿ, ಮೋಟರ್ ಹಚ್ಚಿ ಸಾವಿರ ಲೀಟರ್ ಸಿಂಟೆಕ್ಸಿಗೆ ಏರಸ್ತೀವಿ. ಬೆಳಗಾಗೂದ್ರಾಗ ಅದು ಅರ್ಧಕ್ಕ ಇಳದಿರತೈತಿ. ಈಗ ನಮ್ಮ ಅತ್ತಿಯವರು ಸಂಡಾಸದ ಬಾಗಲದಾಗ ನಿಂತು, ಬಂದವರಿಗೆಲ್ಲಾ "ಕಾಕ್ ಬಂದ್ ಮಾಡಿದ್ಯೋ ಇಲ್ಲೋ" ಅಂತ ಕೇಳ್ತಾರ. ಬೀಗರು ಬಂದ್ರೂ ಬಿಡಂಗಿಲ್ಲ.

ಪ್ಲಂಬರ್ ಒಬ್ಬಾಂವ ಮುಚ್ಚಳ ತಗದು ನೋಡಿ, ಒಳಗಿನ ಸೆಟ್ ಪೂರಾ ಬದಲಿ ಮಾಡ್ಬೇಕು, ಎರಡು ಸಾವಿರ ಆಕ್ಕೈತಿ ಅಂದ. ಟ್ಯಾಂಕ್ ಹಾಕಿಸಿ ಭಾಳ ದಿನಾನೂ ಆಗಿಲ್ಲ. ಖರೇನ ಪೂರಾ ಬದಲಿ ಬೇಕೇನ್ರಿ?

ಕೇಶ್ವಾಪುರ ಹುಡುಗ:

ಫ್ಲೋಟ್, ಅಂದ್ರ ಟ್ಯಾಂಕಿನ ನೀರಾಗ ತೇಲತೈತಲ್ಲ ಅದು, ಸ್ವಲ್ಪ ತೆಳಗ ಇಳಸ್ರಿ ಅಕ್ಕಾರ. ಬಾಜೂಕ ಒಂದು ಉದ್ದನ್ನ ಸ್ಕ್ರೂ ಇರತೈತಿ, ತಿರುವಿದ್ರ ಮುಗೀತು. ನಮ್ಮನ್ಯಾಗ ಹಂಗ ಸರಿ ಆತು.

ಹಾರ್ಡ್‌ವೇರ್ ಕಾಕಾ, ಹುಬ್ಬಳ್ಳಿ:

ತಂಗಿ, ಎರಡು ಸಾವಿರ ಅಲ್ಲೇ ಇಟ್ಕೋ. ಮೊದಲ ನೀರು ಎಲ್ಲಿಂದ ಹೊಂಟೈತಿ ಅನ್ನೂದು ಗೊತ್ತಾಗಬೇಕು. ಅಂಗಡಿ ಈಗ ಮಗಾ ನೋಡ್ಕೋತಾನ, ಆದ್ರ ನಾ ಗಲ್ಲೆದ ಮ್ಯಾಲೆ ಕೂತಿದ್ದಾಗಿಂದಲೂ ಇದನ್ನ ನೋಡೇನಿ: ಮಂದಿ ಪೂರಾ ಸೆಟ್ ಒಯ್ತಾರ, ಕೆಟ್ಟಿದ್ದು ಒಂದು ವಾಷರ್ ಇರತೈತಿ.

ನೀರು ಹೋಗಾಕ ಎರಡ ದಾರಿ. ಒಂದು, ತೆಳಗಿನ ಫ್ಲಶ್ ವಾಲ್ವಿನ ವಾಷರ್ ಸರಿ ಕೂಡದ ಕಮೋಡಿಗೆ ಸೋರೂದು. ಇನ್ನೊಂದು, ನೀರು ಒಳಗ ಬಿಡೂ ಫ್ಲೋಟ್ ವಾಲ್ವ್ ಬಂದ್ ಆಗದ, ಹೆಚ್ಚಾಗಿದ್ದು ನಡುವಿನ ಓವರ್‌ಫ್ಲೋ ಪೈಪಿನಾಗ ಬೀಳೂದು. ಆಂಗಲ್ ಕಾಕ್, ಅಂದ್ರ ಟ್ಯಾಂಕಿಗೆ ನೀರು ಬಿಡೂ ಗ್ವಾಡಿ ಮ್ಯಾಲಿನ ಕಾಕ್, ಬಂದ್ ಮಾಡು. ನೀರು ಎಲ್ಲಿತನಕ ಐತಿ ಅಲ್ಲಿ ಪೆನ್ಸಿಲ್‌ಲೆ ಗೆರಿ ಹೊಡಿ. ಬಿಳಿ ಅರಿವಿಗೆ ಹಾಕೂ ನೀಲಿ ನಾಕ ಹನಿ ಬಿಡು. ಅರಿಶಿಣ ಹಾಕಬ್ಯಾಡ, ಅದು ಕರಗಂಗಿಲ್ಲ, ತಳಕ್ಕ ಕೂಡತೈತಿ. ಅರ್ಧಾ ತಾಸು ಯಾರೂ ಫ್ಲಶ್ ಮಾಡಬಾರದು, ಅತ್ತಿಯವರಿಗೆ ಈ ಕೆಲಸಾ ಕೊಡು. ಕಮೋಡಿನಾಗ ನೀಲಿ ಬಂದು, ನೀರು ಓವರ್‌ಫ್ಲೋ ಬಾಯಿಗಿಂತ ತೆಳಗ ಇಳಿಯಾಕತ್ತಿದ್ರ ತೆಳಗಿನ ವಾಷರ್ ಅಂತ ತಿಳಿ. ನೀರು ಆ ಬಾಯಿ ಮಟ್ಟಕ್ಕ ಬಂದು ಗಪ್ಪನ ನಿಂತ್ರ ತೆಳಗಿಂದು ಸುದ್ದ ಐತಿ, ತಕರಾರು ಮ್ಯಾಲಿಂದು.

ಆಮ್ಯಾಲೆ ಕಾಕ್ ತಗದು ಫ್ಲೋಟನ್ನ ಕೈಲೆ ಮ್ಯಾಲೆ ಎತ್ತಿ ಹಿಡಿ. ನೀರು ನಿಂತ್ರ ಕೇಶ್ವಾಪುರದ ತಮ್ಮ ಹೇಳಿದ್ದು ಖರೆ, ಸ್ಕ್ರೂ ತಿರುವಿ ಓವರ್‌ಫ್ಲೋ ಬಾಯಿಗಿಂತ ಒಂದಿಂಚು ತೆಳಗ ನಿಂದ್ರೂ ಹಂಗ ಮಾಡು. ಎತ್ತಿ ಹಿಡದ್ರೂ ನಿಂದ್ರದಿದ್ರ ಫ್ಲೋಟ್ ತಳಕ್ಕ ಇಳಿಸಿದ್ರೂ ಉಪಯೋಗಿಲ್ಲ.

ನನಗ ಇದ ಅನಸ್ತೈತಿ. ರಾತ್ರಿಗೆ ಐದನೂರು ಲೀಟರ್ ಅಂದ್ರ ನಿಮಿಷಕ್ಕ ಹತ್ರ ಹತ್ರ ಒಂದು ಲೀಟರ್ ಆತು. ಇದು ಹನಿ ಹನಿ ಸೋರೂದಲ್ಲ, ವಾಲ್ವ್ ಬಂದ್ ಆಗವಲ್ದು. ಈಗಿನ ಫ್ಲೋಟ್ ವಾಲ್ವಿನ ಟೊಪಗಿ ಒಳಗ ರಬ್ಬರಿನ ಒಂದು ಬಿಲ್ಲಿ ಇರತೈತಿ, ಅದರಾಗ ಸೂಜಿಮೊನಿಯಷ್ಟು ತೂತು. ಫ್ಲೋಟ್ ಮ್ಯಾಲೆ ಬಂದಾಗ ಆ ತೂತಿನಿಂದ ಹ್ವಾದ ನೀರು ಬಿಲ್ಲಿ ಹಿಂದ ತುಂಬಿ, ಅದನ್ನ ಒತ್ತಿ ದಾರಿ ಬಂದ್ ಮಾಡತೈತಿ. ತೂತು ಕಟ್ಟಿತಂದ್ರ ಒತ್ತಡ ಕೂಡಂಗಿಲ್ಲ, ನೀರು ಹರಕೋತ ಇರತೈತಿ. ಭಾಳ ದಿನಕ್ಕ ನಳಾ ಬಂದಾಗ ಮೊದಲ ಬರೂದು ರಾಡಿ ನೀರು. ಆ ಉಸುಕು ಸಂಪಿನಿಂದ ಸಿಂಟೆಕ್ಸಿಗೆ, ಸಿಂಟೆಕ್ಸಿನಿಂದ ಈ ತೂತಿಗೆ.

ಕಾಕ್ ಬಂದ್ ಮಾಡಿ ಟೊಪಗಿ ತಿರುವಿ ತಗಿ. ಬಿಲ್ಲಿ ಯಾವ ಮಗ್ಗಲಾ ಮ್ಯಾಲಿತ್ತು, ಫೋಟೋ ಹೊಡ್ಕೊಂಡು ಹೊರಗ ತಗಿ. ವಾಲ್ವಿನ ಬಾಯಿ ಮ್ಯಾಲೆ ಒಂದು ಸ್ಟೀಲ್ ವಾಟಗಾ ಬೋರಲ ಹಿಡದು ಕಾಕ್ ಒಂದೀಟು ತಗಿ, ಕಸಾ ತಾನ ಹಾರತೈತಿ. ವಾಟಗಾ ಹಿಡೀದಿದ್ರ ಸೀದಾ ಮಾರಿಗೆ. ತೂತಿಗೆ ಪಿನ್ನಾ ತೂರಿಸಿ ದೊಡ್ಡದು ಮಾಡಬ್ಯಾಡ. ಬೋರಿನ ಸವಳು ಬೆಳ್ಳಗ ಹತ್ತಿದ್ರ ಬಿಲ್ಲಿ ವಿನಿಗರಿನಾಗ ನೆನಿಯಿಡು. ಸಂಡಾಸ ತೊಳಿಯೂ ಆಸಿಡ್ ಟ್ಯಾಂಕಿನಾಗ ಹಾಕೂದು ಬ್ಯಾಡ, ರಬ್ಬರ್ ತಿಂತೈತಿ. ಬ್ಲೀಚಿಂಗ್ ಪೌಡರ್ ಜೋಡಿ ಕೂಡಿದ್ರಂತೂ ವಿಷದ ಗಾಳಿ ಏಳತೈತಿ.

ಸಪ್ತಾಪುರ ಬಾಡಿಗಿಮನಿ, ಧಾರವಾಡ:

ಕಾಕಾರ, ಒಂದು ಸಣ್ಣದು ಕೂಡಸ್ತೀನಿ. ಎರಡು ಬಟನ್ನಿನ ಟ್ಯಾಂಕ್ ಅಂದ್ರಲ್ಲ, ಬಟನ್ ತೆಳಗಿನ ಕಡ್ಡಿ ಉದ್ದ ಆಗಿದ್ರ ಮುಚ್ಚಳ ಹಾಕಿದ ಕೂಡಲೆ ಅದು ತೆಳಗಿನ ಫ್ಲಶ್ ವಾಲ್ವನ್ನ ಒತ್ತಿ ಹಿಡೀತದ. ಮುಚ್ಚಳ ತಗದಾಗ ಎಲ್ಲಾ ಸರಿ ಕಾಣಸ್ತದ, ಹಾಕಿದ್ರ ಮತ್ತ ಶುರು. ನಮ್ಮ ರೂಮಿನ್ಯಾಗ ಅದ ಆಗಿತ್ತು. ಕಡ್ಡಿ ಎರಡು ಸುತ್ತು ತಿರುವಿ ಗಿಡ್ಡ ಮಾಡಿದ್ವಿ, ಮಾಲಕರನ್ನ ಕೇಳೂ ಪ್ರಸಂಗಾನ ಬರಲಿಲ್ಲ.

ಮಗ್ಗದಮನಿ, ಬೆಟಗೇರಿ:

ಕಾಕಾರ, ನೀಲಿ ಕಮೋಡಿಗೆ ಬರಲಿಲ್ಲ. ನೀರು ಓವರ್‌ಫ್ಲೋ ಬಾಯಿ ಮಟ್ಟಕ್ಕ ನಿಂತು ಬಿಡ್ತು. ಫ್ಲೋಟ್ ಎತ್ತಿ ಹಿಡದ್ರೂ ಸುಯ್ ಅನ್ನೂದು ಬಿಡಲಿಲ್ಲ. ಟೊಪಗಿ ತಗದ್ರ ಒಳಗ ಕೆಂಪನ್ನ ರಾಡಿ, ಮತ್ತ ಆ ತೂತಿಗೆ ಬಿಳಿ ಎಳಿ ಒಂದು ಸಿಕ್ಕೊಂಡಿತ್ತು. ನೂಲೇನೋ ಅಂತ ಎಳದ್ಯಾ. ನೂಲಲ್ರಿ, ಎಳದ್ರ ಉದ್ದ ಆತು, ಹರೀಲಿಲ್ಲ. ಪೈಪಿಗೆ ಸುತ್ತೂ ಟೇಪ್! ತೊಳದು ಕೂಡಿಸಿದ್ವಿ, ಈಗ ತುಂಬಿದ ಮ್ಯಾಲೆ ಸಪ್ಪಳಿಲ್ಲ. ಆದ್ರ ನಿಂದ್ರಾಕ ಜರಾ ಹೊತ್ತು ತಗೋತೈತಿ, ಅದು ಯಾಕ್ರಿ?

ಹಾರ್ಡ್‌ವೇರ್ ಕಾಕಾ, ಹುಬ್ಬಳ್ಳಿ:

ಸಿಂಟೆಕ್ಸ್ ನಿಮ್ಮ ಮ್ಯಾಲಿನ ಮನಿ ಮಾಳಗಿ ಮ್ಯಾಲೇ ಇರಬೇಕು, ಹೌದಿಲ್ಲೋ? ಹತ್ತು ಮೀಟರ್ ಎತ್ತರಕ್ಕ ಒಂದು ಬಾರ್ ಒತ್ತಡ. ನಿಮಗ ಸಿಂಟೆಕ್ಸಿನಿಂದ ಮೂರು ಮೀಟರ್ ಎತ್ತರಾನೂ ಸಿಗಂಗಿಲ್ಲ, ಒತ್ತಡ ಕಡಿಮಿ ಇದ್ದಲ್ಲಿ ಬಿಲ್ಲಿ ಸಾವಕಾಶ ಕೂಡತೈತಿ. ನಿಂತ್ರ ಸಾಕು. ಮುಂದ ಯಾವಾಗರ ವಾಲ್ವ್ ಬದಲಿ ಮಾಡೂ ಹೊತ್ತು ಬಂದ್ರ, ಕಡಿಮಿ ಒತ್ತಡಕ್ಕ ನಡಿಯೂದು ಕೊಡ್ರಿ ಅಂತ ಕೇಳಿ ತಗೋ.

ಟೇಪಿನ ಮಾತು: ಚೂಡಿಯ (ಪೈಪಿನ ತುದಿಗಿರೂ ತಿರುಪಿನ ಗೆರಿ) ಮೊದಲಿನ ಒಂದು ಸುತ್ತು ಬಿಟ್ಟು ಸುತ್ತಬೇಕು. ತುದಿ ತನಕ ಸುತ್ತಿದ್ರ ಬಿಗಿ ಮಾಡೂವಾಗ ಎಳಿ ಕತ್ತರಿಸಿ ಪೈಪಿನ ಒಳಗ ಬೀಳತೈತಿ. ನಿಮ್ಮ ಪ್ಲಂಬರ್ ಮತ್ತ ಬಂದ್ರ ಆಂಗಲ್ ಕಾಕ್ ಬಿಚ್ಚಿಸಿ ಅದೊಂದು ಮತ್ತ ಸುತ್ತಿಸು, ಇನ್ನೂ ಎಳಿ ಅಲ್ಲೇ ಇರಬೇಕು.