ಹೊಸ ಪ್ಯಾಡುಗಳ ನಡುವೆ ಡಿಸ್ಕ್ ತೂರುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ:
ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯವನು. ಮಳೆಗಾಲದುದ್ದಕ್ಕೂ ಜಾಂಬೋಟಿ ಕಡೆಯ ಕಾಡುದಾರಿಗಳಲ್ಲಿ ಸವಾರಿ ಮಾಡಿದ್ದರಿಂದ ನನ್ನ ಮೌಂಟೇನ್ ಬೈಕಿನ ಮುಂದಿನ ಹೈಡ್ರಾಲಿಕ್ ಬ್ರೇಕಿನ ಪ್ಯಾಡುಗಳು ಹಿಂಬದಿಯ ತಗಡು ಕಾಣುವಷ್ಟು ಸವೆದಿದ್ದವು. ಅದೇ ಮಾದರಿಯ ಹೊಸ ರೆಸಿನ್ ಪ್ಯಾಡುಗಳನ್ನು ತಂದು ಕೂರಿಸಿದೆ. ಆದರೆ ಅವುಗಳ ನಡುವೆ ಗಾಲಿಯ ಬ್ರೇಕ್ ಡಿಸ್ಕ್ ತೂರುವಷ್ಟು ಜಾಗವೇ ಇಲ್ಲ. ಪ್ಯಾಡುಗಳನ್ನು ಡಿಸ್ಕಿನತ್ತ ತಳ್ಳುವ ಪಿಸ್ಟನ್ನುಗಳನ್ನು ಹಿಂದಕ್ಕೆ ಒತ್ತಿದರೆ ತುಸು ಸರಿದು ಕಲ್ಲಿನಂತೆ ನಿಂತುಬಿಡುತ್ತವೆ. ಪರಿಚಿತರೊಬ್ಬರು ಪ್ಯಾಡುಗಳನ್ನೇ ಉಜ್ಜಿ ತೆಳ್ಳಗೆ ಮಾಡಲು ಹೇಳಿದ್ದಾರೆ. ಹಾಗೆ ಮಾಡಬಹುದೆ? ಶ್ರಾವಣದಲ್ಲಿ ಬ್ರೇಕ್ ಲಿವರ್ ಹ್ಯಾಂಡಲಿಗೆ ತಾಗುತ್ತಿದ್ದಾಗ ಅಂಗಡಿಯೊಂದರಲ್ಲಿ ಬ್ರೇಕಿಗೆ ಮಿನರಲ್ ಆಯಿಲ್ ತುಂಬಿಸಿದ್ದೆ.

ಉತ್ತರ:
ಪ್ಯಾಡುಗಳನ್ನು ದಯವಿಟ್ಟು ಉಜ್ಜಬೇಡಿ ಸರ್. ತೊಂದರೆಯ ಮೂಲ ನಿಮ್ಮ ಕೊನೆಯ ವಾಕ್ಯದಲ್ಲಿದೆ ಎಂದು ನನಗನ್ನಿಸುತ್ತದೆ. ಪ್ರತಿ ಪಿಸ್ಟನ್ನಿನ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ. ಲಿವರ್ ಹಿಡಿದಾಗ ಅದು ಪಿಸ್ಟನ್ನಿನೊಂದಿಗೆ ಬಾಗುತ್ತದೆ, ಬಿಟ್ಟಾಗ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಸೀಲಿನೊಳಗೆ ಜಾರಿ ಇನ್ನಷ್ಟು ಮುಂದೆ ಬಂದು ನಿಲ್ಲುತ್ತದೆ, ಅದರ ಹಿಂದೆ ತೆರವಾದ ಜಾಗಕ್ಕೆ ಲಿವರಿನ ತೊಟ್ಟಿಯಿಂದ ಎಣ್ಣೆ ಇಳಿಯುತ್ತದೆ. ಪ್ಯಾಡುಗಳು ಸವೆದಿದ್ದಾಗಲೇ ತೊಟ್ಟಿಯನ್ನು ಭರ್ತಿ ಮಾಡಿದ್ದರೆ, ಈಗ ಪಿಸ್ಟನ್ ಹಿಂದೆ ಸರಿಯುವಾಗ ಮರಳಿ ಬರುವ ಎಣ್ಣೆಗೆ ಅಲ್ಲಿ ಜಾಗವಿರುವುದಿಲ್ಲ.

ಗಾಲಿಯನ್ನೂ ಹೊಸ ಪ್ಯಾಡುಗಳನ್ನೂ ಬಿಚ್ಚಿ ದೂರ ಇಡಿ. ಜಾಂಬೋಟಿಯ ಕೆಂಪು ಮಣ್ಣು ಪಿಸ್ಟನ್ನಿನ ಅಂಚಿನಲ್ಲಿ ಖಂಡಿತ ಮೆತ್ತಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತೆಗೆಯದೆ ಒತ್ತಿದರೆ ಮಣ್ಣಿನ ಹರಳುಗಳು ಸೀಲನ್ನು ಗೀರುತ್ತವೆ. ಆಮೇಲೆ ಹಳೆಯ ಪ್ಯಾಡುಗಳನ್ನೇ ಕೂರಿಸಿ, ಲಿವರನ್ನು ಸಮತಟ್ಟಾಗಿ ತಿರುಗಿಸಿ, ತೊಟ್ಟಿಯ ಬ್ಲೀಡ್ ಸ್ಕ್ರೂ (ಎಣ್ಣೆ ತುಂಬುವ, ತೆಗೆಯುವ ತೂತಿನ ತಿರುಪು) ತೆಗೆದು ಅಲ್ಲಿ ಎಣ್ಣೆ ಹಿಡಿಯುವ ಬ್ಲೀಡ್ ಕಪ್ ಜೋಡಿಸಿ. ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಟೈರ್ ಲಿವರ್ (ಟೈರ್ ಬಿಚ್ಚುವ ಚಪ್ಪಟೆ ಸಲಾಕೆ) ತೂರಿಸಿ ನಿಧಾನವಾಗಿ ಅಗಲಿಸಿದರೆ ಹೆಚ್ಚಿನ ಎಣ್ಣೆ ಕಪ್ಪಿಗೆ ಏರುತ್ತದೆ. ಹಲವು ಬ್ರೇಕುಗಳ ಪಿಸ್ಟನ್ನುಗಳು ಸೆರಾಮಿಕ್ ಆಗಿರುವುದರಿಂದ ಸ್ಕ್ರೂಡ್ರೈವರಿನಿಂದ ಮೀಟಿದರೆ ಅಂಚು ಒಡೆಯುವ ಭಯವಿದೆ.

ಸ್ಕ್ರೂ ಮುಚ್ಚಿ, ಎಣ್ಣೆಯನ್ನೆಲ್ಲ ಒರೆಸಿ, ಕೈ ತೊಳೆದ ಮೇಲೆಯೇ ಹೊಸ ಪ್ಯಾಡುಗಳನ್ನು ಮುಟ್ಟಿ. ಗಾಲಿ ಹಾಕಿದ ನಂತರ ಡಿಸ್ಕ್ ಒಂದು ಬದಿಗೆ ಉಜ್ಜಿದರೆ, ಪಿಸ್ಟನ್ನುಗಳಿರುವ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಸಡಿಲಿಸಿ, ಲಿವರನ್ನು ಗಟ್ಟಿಯಾಗಿ ಹಿಡಿದುಕೊಂಡೇ ಅವನ್ನು ಸ್ವಲ್ಪಸ್ವಲ್ಪವಾಗಿ ಸರದಿಯಂತೆ ಬಿಗಿಯಿರಿ.

ಮರುಪ್ರಶ್ನೆ:
ತಮ್ಮ ಊಹೆ ನಿಜವಾಯಿತು ಸರ್. ಕಪ್ಪಿಗೆ ಸಾಕಷ್ಟು ಎಣ್ಣೆ ಬಂತು, ಗಾಲಿ ಈಗ ಸರಾಗವಾಗಿ ತಿರುಗುತ್ತಿದೆ. ಆದರೆ ಬ್ರೇಕ್ ಮೊದಲಿನಷ್ಟು ಹಿಡಿಯುತ್ತಿಲ್ಲ. ಎಣ್ಣೆ ತಗುಲಿತೇ ಎಂಬ ಆತಂಕ ಕಾಡುತ್ತಿದೆ.

ಉತ್ತರ:
ಹೊಸ ಪ್ಯಾಡುಗಳು ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಅವುಗಳ ಪದಾರ್ಥ ಡಿಸ್ಕಿನ ಮೇಲೆ ತೆಳುವಾಗಿ, ಒಂದೇ ಸಮನಾಗಿ ಮೆತ್ತಿಕೊಳ್ಳಬೇಕು. ಡಿಸ್ಕನ್ನು ಆಲ್ಕೋಹಾಲಿನಿಂದ ಒರೆಸಿ, ವಾಹನಗಳಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗ ಪಡೆದು, ಗಾಲಿ ಲಾಕ್ ಆಗದಂತೆ, ಪೂರ್ತಿ ನಿಲ್ಲದಂತೆ, ನಡಿಗೆಯ ವೇಗಕ್ಕೆ ಇಳಿಸಿ. ಇದನ್ನು ಸುಮಾರು 20 ಸಲ ಮಾಡುವಷ್ಟರಲ್ಲಿ ಹಿಡಿತ ಏರುತ್ತ ಬರುವುದು ಬೆರಳಿಗೇ ತಿಳಿಯುತ್ತದೆ. ಆಗಲೂ ಬ್ರೇಕ್ ಜಾರುತ್ತ ಕಿರುಚಿದರೆ ಪ್ಯಾಡ್ ಎಣ್ಣೆ ಕುಡಿದಿದೆ ಎಂದೇ ತಿಳಿದು ಬೇರೆ ಜೋಡಿ ಹಾಕಿ. ಅದು ಖಚಿತವಾಗುವವರೆಗೆ ಚೋರ್ಲಾ ಘಾಟಿನ ಇಳಿಜಾರಿಗೆ ಈ ಬೈಕನ್ನು ಒಯ್ಯಬೇಡಿ.